ಗಣಿತವೂ ಕಿವಿಗೆ ಕೇಳಿಸಲಿ: ಅರಿವು ಕೇಂದ್ರಗಳಲ್ಲಿ ದೃಷ್ಟಿ ವಿಕಲಚೇತನ ಓದುಗರಿಗೆ ಅನುಕೂಲ ಕಲ್ಪಿಸುವ ಕುರಿತು



ನಮ್ಮ ಗ್ರಾಮ ಪಂಚಾಯತಿಯ ಅರಿವು ಕೇಂದ್ರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಸಿದ್ಧತೆ ನಡೆಸುತ್ತಿದ್ದ ದೃಷ್ಟಿ ವಿಕಲಚೇತನ ಯುವತಿಯೊಬ್ಬರಿಗೆ ಗಣಿತದ ಮಾದರಿ ಪ್ರಶ್ನೆಗಳ ಪಿಡಿಎಫ್ ಕಡತವೊಂದನ್ನು ಸಿದ್ಧಪಡಿಸಿ ನೀಡಿದ್ದೆನು. ಮರುದಿನ ಅವರು, "ಸರ್, ಪ್ರಶ್ನೆಯ ಮಾತುಗಳೆಲ್ಲ ಕೇಳಿಸುತ್ತವೆ, ಲೆಕ್ಕ ಬಂದ ಕೂಡಲೇ ಕಂಪ್ಯೂಟರ್ ಸುಮ್ಮನಾಗುತ್ತದೆ" ಎಂದರು. ಸೂತ್ರಗಳನ್ನು ನಾನು ಪುಸ್ತಕದಿಂದ ಫೋಟೊ ತೆಗೆದು ಅಂಟಿಸಿದ್ದೆನು. ಲೋಪ ನನ್ನದೇ ಆಗಿತ್ತು.

ತೊಡಕು ಎಲ್ಲಿದೆ?

ಸ್ಕ್ರೀನ್ ರೀಡರ್ ಎಂಬ ತಂತ್ರಾಂಶವು ಪರದೆಯ ಮೇಲಿನ ಅಕ್ಷರಗಳನ್ನು ಧ್ವನಿಯಾಗಿ ಓದಿ ಹೇಳುತ್ತದೆ. ಚಿತ್ರವಾಗಿ ಅಂಟಿಸಿದ ಸೂತ್ರದಲ್ಲಿ ಅದಕ್ಕೆ ಅಕ್ಷರಗಳೇ ಸಿಗುವುದಿಲ್ಲ. ಅಕ್ಷರರೂಪದಲ್ಲಿ ಬರೆದರೂ ಗಣಿತಕ್ಕೆ ಬೇರೊಂದು ತೊಡಕಿದೆ. ಗದ್ಯವು ಒಂದೇ ಸಾಲಿನಲ್ಲಿ ಸಾಗುತ್ತದೆ. ಗಣಿತದಲ್ಲಿ ಅಂಕಿಯು ಗೆರೆಯ ಮೇಲಿದೆಯೋ ಕೆಳಗಿದೆಯೋ ಎಂಬುದರಿಂದಲೇ ಅರ್ಥ ಬದಲಾಗುತ್ತದೆ.

ನಮಗೆ ಪರಿಚಿತವಾದ ಕಾಲುವೆಯ ಲೆಕ್ಕವನ್ನೇ ನೋಡೋಣ. ಮೇಲಿನ ಅಗಲ 6 ಮೀಟರ್, ತಳದ ಅಗಲ 4 ಮೀಟರ್, ಆಳ 3 ಮೀಟರ್. ಎರಡೂ ಅಗಲಗಳನ್ನು ಕೂಡಿಸಿ, 2ರಿಂದ ಭಾಗಿಸಿ, ಆಳದಿಂದ ಗುಣಿಸಿದರೆ ಅಡ್ಡಕೊಯ್ತದ ವಿಸ್ತೀರ್ಣ 15 ಚದರ ಮೀಟರ್. ಇದೇ ಸೂತ್ರವು "6 ಕೂಡಿಸು 4 ಭಾಗಿಸು 2 ಗುಣಿಸು 3" ಎಂದಷ್ಟೇ ಕೇಳಿಸಿದರೆ, ಗಣಿತದ ನಿಯಮದಂತೆ ಉತ್ತರ 12 ಆಗುತ್ತದೆ. ಕೇಳಿದವರು ತಪ್ಪಲಿಲ್ಲ, ಬರೆದ ಕ್ರಮ ತಪ್ಪಿತು. ಹಾಗೆಯೇ 10ರ ವರ್ಗವನ್ನು ಸೂಚಿಸುವ ಮೇಲಿನ 2 ಸಾಲಿಗಿಳಿದರೆ "ನೂರ ಎರಡು" ಎಂದು ಕೇಳಿಸುತ್ತದೆ. ಋಣ ಚಿಹ್ನೆಗೆ ಬದಲಾಗಿ ಅಡ್ಡಗೆರೆ ಒತ್ತಿದ್ದಲ್ಲಿ ಅದು ಅನೇಕ ವೇಳೆ ಕೇಳಿಸುವುದೇ ಇಲ್ಲ.

ಪರಿಹಾರ

ಸೂತ್ರದ ರಚನೆಯನ್ನು ಕಂಪ್ಯೂಟರಿಗೆ ತಿಳಿಸುವ ಮ್ಯಾಥ್‌ಎಂಎಲ್ ಎಂಬ ಮಾನಕವು 1998ರಿಂದಲೇ ಬಳಕೆಯಲ್ಲಿದೆ. ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್, ಮ್ಯಾಥ್‌ಕ್ಯಾಟ್ ಎಂಬ ಉಚಿತ ಪೂರಕ ತಂತ್ರಾಂಶದ ನೆರವಿನಿಂದ ಅಂತಹ ಸೂತ್ರಗಳನ್ನು ಭಾಗಭಾಗವಾಗಿ ಓದಬಲ್ಲದು. ಆದ್ದರಿಂದ ಈ ಕೆಳಗಿನ ಕ್ರಮಗಳನ್ನು ಅನುಸರಿಸಬಹುದಾಗಿದೆ:

1. ಅರಿವು ಕೇಂದ್ರದ ಕನಿಷ್ಠ ಒಂದು ಕಂಪ್ಯೂಟರಿನಲ್ಲಿ ಈ ಎರಡೂ ತಂತ್ರಾಂಶಗಳನ್ನು ಅಳವಡಿಸಿ, ಹೆಡ್‌ಫೋನ್ ಒದಗಿಸುವುದು.
2. ಸೂತ್ರಗಳನ್ನು ಚಿತ್ರವಾಗಿ ಅಂಟಿಸದೆ, ವರ್ಡ್‌ನ ಹೊಸ ಆವೃತ್ತಿಯಲ್ಲಿರುವ ಈಕ್ವೇಷನ್ ಸೌಲಭ್ಯದಿಂದ ಬರೆದು, ಪಿಡಿಎಫ್ ಜೊತೆಗೆ ವರ್ಡ್ ಕಡತವನ್ನೂ ನೀಡುವುದು.
3. ಸೂತ್ರದ ಕೆಳಗೆ ಅದನ್ನು ಮಾತಿನಲ್ಲಿಯೂ ಬರೆಯುವುದು. ಉದಾ: "ಭಿನ್ನರಾಶಿ ಆರಂಭ, ಅಂಶ 6 ಕೂಡಿಸು 4, ಛೇದ 2, ಭಿನ್ನರಾಶಿ ಮುಕ್ತಾಯ, ಗುಣಿಸು 3."
4. ಕನ್ನಡವನ್ನು ಯೂನಿಕೋಡ್‌ನಲ್ಲಿಯೇ ಟೈಪ್ ಮಾಡುವುದು. ಹಳೆಯ ಫಾಂಟ್‌ಗಳ ಬರಹವು ಸ್ಕ್ರೀನ್ ರೀಡರ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕೇಳಿಸುತ್ತದೆ.
5. ಗ್ರಾಮ ಸಭೆಗೆ ಮಂಡಿಸುವ ಅಂದಾಜು ಪಟ್ಟಿ ಹಾಗೂ ಆಯವ್ಯಯವನ್ನು ಸ್ಕ್ಯಾನ್ ಪ್ರತಿಯಾಗಿ ಮಾತ್ರವಲ್ಲದೆ ಮೂಲ ಕಡತವಾಗಿಯೂ ಲಭ್ಯವಾಗಿಸುವುದು.

ತಂತ್ರಾಂಶಗಳಿಗೆ ವೆಚ್ಚವಿಲ್ಲ. ಹೆಡ್‌ಫೋನ್ ಮುಂತಾದವುಗಳಿಗೆ, ವಿಕಲಚೇತನರ ಕಲ್ಯಾಣಕ್ಕೆಂದು ಸ್ವಂತ ಸಂಪನ್ಮೂಲದಲ್ಲಿ ಮೀಸಲಿಡುವ ಶೇ. 5ರ ಅನುದಾನವನ್ನು ಪರಿಗಣಿಸಬಹುದು. ಮಾಹಿತಿಯು ಎಲ್ಲರಿಗೂ ಎಟಕುವ ರೂಪದಲ್ಲಿರಬೇಕೆಂಬುದು ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ ಪ್ರಕರಣ 42ರ ಆಶಯವೂ ಆಗಿದೆ.

ಅವೇ ಪ್ರಶ್ನೆಗಳನ್ನು ಈ ಕ್ರಮದಲ್ಲಿ ಪುನಃ ಟೈಪ್ ಮಾಡಿ ನೀಡಿದಾಗ, ಆ ಯುವತಿಯು ಕಾಲುವೆಯ ಲೆಕ್ಕವನ್ನು ಯಾರ ನೆರವೂ ಇಲ್ಲದೆ ಬಿಡಿಸಿದರು. ಅವರಿಗೆ ಗಣಿತ ಕಠಿಣವಾಗಿರಲಿಲ್ಲ. ನಮ್ಮ ಕಡತ ಮೂಕವಾಗಿತ್ತು. ಸದಸ್ಯರು ಈ ವಿಷಯವನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಚರ್ಚಿಸಿ, ತಮ್ಮ ವಾರ್ಡಿನ ದೃಷ್ಟಿ ವಿಕಲಚೇತನ ವಿದ್ಯಾರ್ಥಿಗಳನ್ನು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಮೂಲಕ ಅರಿವು ಕೇಂದ್ರಕ್ಕೆ ಕರೆತರಬೇಕೆಂದು ಕೋರುತ್ತೇನೆ.

– ಪಂಚಾಯತ್ ಅಭಿವೃದ್ಧಿ ಅಧಿಕಾರಿ