ಹಾನುಬಾಳು ಸೀಮೆಯಲ್ಲಿ ಗದ್ದೆ, ತೋಟ ಮತ್ತು ಒಡೆತನದ ಅನಿಶ್ಚಿತತೆ

ಸಕಲೇಶಪುರ ತಾಲ್ಲೂಕಿನ ಹಾನುಬಾಳು ಹೋಬಳಿಯಲ್ಲಿ ಜಮೀನೆಂಬುದು ಒಂದೇ ಬಗೆಯ ಸ್ವತ್ತಲ್ಲ. ಗುಡ್ಡಗಳ ನಡುವಣ ತಗ್ಗಿನಲ್ಲಿ ಬತ್ತದ ಗದ್ದೆ. ಅದರ ಮೇಲಣ ಇಳಿಜಾರಿನಲ್ಲಿ ಮರಗಳ ನೆರಳಿನಡಿ ಕಾಫಿ, ಏಲಕ್ಕಿ, ಮೆಣಸಿನ ತೋಟ. ಅದಕ್ಕೂ ಮೇಲೆ ಕಾಡು ಮತ್ತು ಹುಲ್ಲುಬೆಟ್ಟ. ಈ ಮೂರೂ ಒಂದೇ ಮನೆತನದ ಅನುಭವದಲ್ಲಿರುವುದುಂಟು. ಆದರೆ ಇವುಗಳ ಒಡೆತನಕ್ಕೆ ಒದಗಿದ ಆಪತ್ತುಗಳು ಒಂದೇ ಬಗೆಯವಲ್ಲ. ಗದ್ದೆಯನ್ನು ಗೇಣಿಗೆ ಕೊಟ್ಟವನು ಕಾಯಿದೆಗೆ ಅಂಜಬೇಕಾಯಿತು. ತೋಟದವನು ರೋಗಕ್ಕೂ ಪೇಟೆಯ ಧಾರಣೆಗೂ ಅಂಜಬೇಕಾಯಿತು. ಕಾಡಿನಂಚನ್ನು ಸಾಗು ಮಾಡಿದವನು ದಾಖಲೆಗೆ ಅಂಜುತ್ತಿದ್ದಾನೆ. ಒಂದು ಆಪತ್ತಿನಿಂದ ಪಾರಾಗುವ ದಾರಿಯೇ ಇನ್ನೊಂದಕ್ಕೆ ಬಾಗಿಲಾದ ಬಗೆಯನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಸೀಮೆಗೆ ಹಿಂದೆ ಮಂಜರಾಬಾದ್ ಎಂಬ ಹೆಸರಿತ್ತು. ಫ್ರೆಡರಿಕ್ ಗ್ರೀನ್ ಎಂಬಾತನು 1843ರಲ್ಲಿ ಇಲ್ಲಿ ಕಾಫಿ ತೋಟವನ್ನು ತೆರೆದನು. 1856ರ ಹೊತ್ತಿಗೆ ಬಂದ ರಾಬರ್ಟ್ ಎಲಿಯಟ್ ತನ್ನ ಅನುಭವಗಳನ್ನು ಗ್ರಂಥರೂಪದಲ್ಲಿ ಬರೆದಿಟ್ಟಿದ್ದಾನೆ. ಕಾಡನ್ನು ಕಡಿದು ಗಿಡ ನೆಟ್ಟು ಮೊದಲ ಫಸಲಿಗಾಗಿ ಮೂರು ನಾಲ್ಕು ವರ್ಷ ಕಾಯಬೇಕಾದ ಈ ಉದ್ಯಮದಲ್ಲಿ ಹೂಡಿದ ಹಣ ಬೇಗನೆ ಕೈಗೆ ಮರಳುವಂತಿರಲಿಲ್ಲ. ಅಷ್ಟರಲ್ಲಿಯೇ 1860ರ ದಶಕದ ಉತ್ತರಾರ್ಧದಲ್ಲಿ ಕಾಂಡಕೊರಕ ಹುಳುವೂ, ಅದರ ಹಿಂದೆಯೇ ಎಲೆತುಕ್ಕು ರೋಗವೂ ಹಬ್ಬಿ ಹಳೆಯ ‘ಚಿಕ್’ ತಳಿಯ ತೋಟಗಳು ಹಾಳಾದುವು. ಕೊಡಗಿನಿಂದ ತಂದ ಬೀಜದಿಂದ ಮತ್ತೆ ನಾಟಿ ಮಾಡಬೇಕಾಯಿತು. ಆ ಕಾಲದ ತೆರಿಗೆಯ ವಿಷಯವೂ ಗಮನಾರ್ಹವಾದುದು. ಮೊದಲು ಇದ್ದ ‘ಹಾಲತ್’ ಎಂಬ ಸುಂಕವು ಬೆಳೆದ ಕಾಫಿಯ ತೂಕದ ಮೇಲೆ ಬೀಳುತ್ತಿತ್ತು. ಫಸಲಿಲ್ಲದ ವರ್ಷ ಸುಂಕವೂ ಇಲ್ಲ. ತರುವಾಯ ಎಕರೆಯ ಲೆಕ್ಕದ ಕಂದಾಯ ಬಂದಿತು. ನಷ್ಟದಲ್ಲಿ ಸರ್ಕಾರಕ್ಕಿದ್ದ ಪಾಲು ಅಂದಿಗೆ ಮುಗಿದು, ಅದೆಲ್ಲವೂ ಬೆಳೆಗಾರನ ತಲೆಯ ಮೇಲೆ ಬಿದ್ದಿತು.

ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಪೇಟೆಗಳು ಮುಚ್ಚಿಹೋದಾಗ ಸರ್ಕಾರವೇ ಮಧ್ಯೆ ಪ್ರವೇಶಿಸಿತು. 1942ರ ಕಾಫಿ ಕಾಯಿದೆಯಿಂದ ಬೆಳೆಗಾರರೆಲ್ಲರೂ ತಮ್ಮ ಫಸಲನ್ನು ಕಾಫಿ ಮಂಡಲಿಯ ಸಾಮೂಹಿಕ ಸಂಗ್ರಹಕ್ಕೆ ಒಪ್ಪಿಸಬೇಕಾಯಿತು. ಹಣವು ಕಂತುಕಂತಾಗಿ ಬರುತ್ತಿತ್ತು. ತಡವಾಯಿತೆಂಬ ಗೊಣಗಾಟ ಇದ್ದೇ ಇತ್ತು. ಆದರೂ ಒಂದೇ ದಿನದಲ್ಲಿ ಮನೆ ಮುಳುಗುವ ಭಯವು ಅರ್ಧ ಶತಮಾನದಷ್ಟು ಕಾಲ ದೂರವಾಗಿತ್ತು.

ಗದ್ದೆಯ ಒಡೆಯರಿಗೆ ಇಂತಹ ಆಸರೆ ಇರಲಿಲ್ಲ. 1961ರ ಮೈಸೂರು ಭೂಸುಧಾರಣಾ ಕಾಯಿದೆಯು 1965ರ ಅಕ್ಟೋಬರ್ 2ರಿಂದ ಜಾರಿಗೆ ಬಂದಿತಾದರೂ, ಸ್ವಂತ ಬೇಸಾಯಕ್ಕೆಂದು ಜಮೀನನ್ನು ಹಿಂದಕ್ಕೆ ಪಡೆಯುವ ಅವಕಾಶವನ್ನು ಒಡೆಯನಿಗೆ ಉಳಿಸಿತ್ತು. ದೇವರಾಜ ಅರಸರ ಸರ್ಕಾರ ತಂದ ತಿದ್ದುಪಡಿಯು 1974ರ ಮಾರ್ಚ್ 1ರಂದು ಇದನ್ನು ಕೊನೆಗಾಣಿಸಿತು. ಗೇಣಿಗೆ ಕೊಟ್ಟ ಜಮೀನೆಲ್ಲವೂ ಅಂದಿನಿಂದ ಸರ್ಕಾರದಲ್ಲಿ ವಿಹಿತವಾಯಿತು. ಏಳನೆಯ ನಮೂನೆಯಲ್ಲಿ ಅರ್ಜಿ ಸಲ್ಲಿಸಿದ ಗೇಣಿದಾರನಿಗೆ ಭೂನ್ಯಾಯಮಂಡಲಿಯು ವಿಚಾರಣೆ ನಡೆಸಿ ಹಕ್ಕನ್ನು ಕೊಡುತ್ತಿತ್ತು. ಹಳ್ಳಿಗರು ‘ಡಿಕ್ಲರೇಷನ್ ಹಾಕುವುದು’ ಎಂದು ಕರೆದದ್ದು ಈ ಅರ್ಜಿಯನ್ನೇ. ಅದರ ಕೊನೆಯ ಗಡುವು 1979ರ ಜೂನ್ 30. ಸೈನಿಕರು ಮತ್ತು ನಾವಿಕರನ್ನುಳಿದು ಬೇರೆ ಒಡೆಯರಿಗೆ ವಿನಾಯಿತಿ ಇರಲಿಲ್ಲವಾದ್ದರಿಂದ, ನೂರು ಖಂಡುಗದ ಗೇಣಿ ಎಣಿಸುತ್ತಿದ್ದವನೂ, ಎರಡೆಕರೆ ಗದ್ದೆಯ ಗೇಣಿಯಲ್ಲಿ ಮಕ್ಕಳನ್ನು ಸಾಕುತ್ತಿದ್ದ ವಿಧವೆಯೂ ಒಂದೇ ತಕ್ಕಡಿಯಲ್ಲಿ ತೂಗಲ್ಪಟ್ಟರು. ಇದು ಕಾಯಿದೆಯ ಕಾಠಿಣ್ಯವೇ ಸರಿ. ಆದರೆ ತಲೆಮಾರುಗಳಿಂದ ಉತ್ತು ಬಂದಿದ್ದರೂ ಒಂದು ಚೀಟಿಯೂ ಕೈಯಲ್ಲಿಲ್ಲದ ಒಕ್ಕಲಿಗೆ ಅಲ್ಲಿಯವರೆಗೆ ಪ್ರತಿ ವರ್ಷವೂ ಅನಿಶ್ಚಿತವಾಗಿತ್ತೆಂಬುದನ್ನು ಮರೆತು ಬರೆದರೆ ಇತಿಹಾಸವು ಅರೆಯಾಗುತ್ತದೆ.

ಇದೇ ಕಾಯಿದೆಯ 104ನೆಯ ಪ್ರಕರಣವು ಕಾಫಿ, ಏಲಕ್ಕಿ, ಮೆಣಸು, ರಬ್ಬರ್, ಚಹಾ ಎಂಬ ತೋಟದ ಬೆಳೆಗಳ ಭೂಮಿಯನ್ನು ಭೂಮಿತಿಯಿಂದ ಹೊರಗಿಟ್ಟಿತು. ಅಡಕೆಗೆ ಈ ಭಾಗ್ಯವಿರಲಿಲ್ಲ. ಬೇಸಾಯಗಾರರಲ್ಲದವರು ಜಮೀನು ಕೊಳ್ಳಬಾರದೆಂದಿದ್ದ 79ಎ, 79ಬಿ ಪ್ರಕರಣಗಳೂ ತೋಟಗಳಿಗೆ ಅನ್ವಯಿಸುತ್ತಿರಲಿಲ್ಲ. ಆ ಎರಡು ಪ್ರಕರಣಗಳು ರದ್ದಾದದ್ದು 2020ರಲ್ಲಿ; ಅಲ್ಲಿಯವರೆಗೆ ಪಟ್ಟಣದ ಹಣವಂತನು ಹಾನುಬಾಳಿನ ಒಂದೆಕರೆ ಗದ್ದೆಯನ್ನು ಕೊಳ್ಳಲಾರದೆ ನೂರೆಕರೆ ಕಾಫಿ ತೋಟವನ್ನು ಕೊಳ್ಳಬಹುದಾಗಿತ್ತು. ಹೀಗಾಗಿ ಒಡೆತನದ ಭದ್ರತೆಯು ಕ್ರಯಪತ್ರದಷ್ಟೇ ಪಹಣಿಯ ಬೆಳೆಯ ಕಲಮನ್ನೂ ಅವಲಂಬಿಸಿತು. ಬಂಡವಾಳವು ತಗ್ಗಿನಿಂದ ಇಳಿಜಾರಿಗೆ ಏರಿತು.

ಏರಿದ ಮೇಲೆ ಸಿಕ್ಕಿದ್ದು ಪೇಟೆ. 1989ರ ಜುಲೈಯಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಪಾಲುಗಳು ಅಮಾನತಾದುವು. 1994ರಲ್ಲಿ ಬ್ರೆಜಿಲಿನಲ್ಲಿ ಬಿದ್ದ ಹಿಮದಿಂದ ಧಾರಣೆ ಗಗನಕ್ಕೇರಿತು. 1996ರಲ್ಲಿ ಸಾಮೂಹಿಕ ಸಂಗ್ರಹ ಪೂರ್ಣವಾಗಿ ತೊಲಗಿ, ಬೆಳೆಗಾರನು ತನ್ನ ಫಸಲನ್ನು ತಾನೇ ಮಾರಲು ಸ್ವತಂತ್ರನಾದನು. ಆ ಧಾರಣೆಯನ್ನೇ ಶಾಶ್ವತವೆಂದು ಎಣಿಸಿ ಸಾಲ ತೆಗೆದು ತೋಟ ಕೊಂಡವರಿಗೆ 2001-02ರ ಕುಸಿತವು ಸಿಡಿಲಿನಂತೆ ಎರಗಿತು. ಧಾರಣೆ ಇಳಿದರೆ ಸಾಲದ ಬಡ್ಡಿ ಇಳಿಯುವುದಿಲ್ಲ. ಆಳುಗಳ ಕೂಲಿಯಾಗಲಿ, 1951ರ ತೋಟ ಕಾರ್ಮಿಕರ ಕಾಯಿದೆಯಂತೆ ದೊಡ್ಡ ತೋಟದವನು ಒದಗಿಸಬೇಕಾಗಿದ್ದ ವಸತಿ, ವೈದ್ಯೋಪಚಾರಗಳ ವೆಚ್ಚವಾಗಲಿ ಇಳಿಯುವುದಿಲ್ಲ. ಗದ್ದೆಯನ್ನು ಒಂದು ವರ್ಷ ಬೀಳು ಬಿಟ್ಟರೆ ಮರುವರ್ಷ ಉಳಬಹುದು. ತೋಟದಲ್ಲಿ ಹುಳು ಬಿದ್ದ ಗಿಡವನ್ನು ಹುಡುಕಿ ಕಿತ್ತು ಸುಡದೆ ಒಂದು ವರ್ಷ ಕೈಬಿಟ್ಟರೆ ಹುಳು ನೆರೆಯ ಗಿಡಗಳಿಗೂ ಹಬ್ಬುತ್ತದೆ. ಹೊಸದಾಗಿ ನೆಟ್ಟ ಗಿಡ ಫಲ ಕೊಡಲು ಮತ್ತೆ ವರ್ಷಗಳು ಬೇಕು. ನಷ್ಟದ ವರ್ಷವೂ ಖರ್ಚು ಮಾಡಲೇಬೇಕಾದುದು ಈ ಸ್ವತ್ತಿನ ಸ್ವಭಾವ. 2024ರಲ್ಲಿ ಧಾರಣೆ ಮತ್ತೆ ಮೇಲೇರಿದಾಗ ಅದರ ಪೂರ್ಣ ಲಾಭ ಸಿಕ್ಕಿದ್ದು, ಕೆಟ್ಟ ವರ್ಷಗಳಲ್ಲಿ ಹೇಗೋ ತೋಟ ಕಾಪಾಡಿಕೊಂಡವರಿಗೆ.

ಈ ನಡುವೆ ತಗ್ಗಿನ ಗದ್ದೆಗಳ ಪಾಡೇನಾಯಿತು? ಆಳಿನ ಅಭಾವದೊಡನೆ ಕಾಡಾನೆಯ ಹಾವಳಿಯೂ ಸೇರಿ ಆಲೂರು, ಸಕಲೇಶಪುರಗಳ ಎಷ್ಟೋ ಗದ್ದೆಗಳು ಬೀಳು ಬಿದ್ದಿವೆ. ಕರ್ನಾಟಕ ಆನೆ ಕಾರ್ಯಪಡೆಯು 2012ರ ವರದಿಯಲ್ಲಿ ಆಲೂರು ಭಾಗದ ಆನೆಗಳನ್ನು ಹಿಡಿದು ಸಾಗಿಸಬೇಕೆಂದಿತು. 2014ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಸಾಗಿಸಿದರೂ ಹಾವಳಿ ನಿಲ್ಲಲಿಲ್ಲ. ಡಿಕ್ಲರೇಷನ್ ಹಾಕಿ ಒಡೆಯನಾದವನ ಮೊಮ್ಮಗನು ಇಂದು ಅದೇ ಗದ್ದೆಯನ್ನು ಉಳಲು ಹಿಂಜರಿಯುತ್ತಾನೆ. ಇಳಿಜಾರಾದರೂ ನಿಶ್ಚಿಂತವಲ್ಲ, 2018ರ ಆಗಸ್ಟ್ ಮಳೆಯಲ್ಲಿ ತಾಲ್ಲೂಕಿನ ಗುಡ್ಡಗಳೇ ಜರುಗಿ ಘಟ್ಟದ ರೈಲುದಾರಿ ಬಹುಕಾಲ ಮುಚ್ಚಿತ್ತು.

ಉಳಿದದ್ದು ಮೇಲಣ ಕಾಡಿನಂಚು. ತೋಟವನ್ನು ವರ್ಷಕ್ಕೊಂದಿಷ್ಟು ಮೇಲಕ್ಕೆ ವಿಸ್ತರಿಸುತ್ತ ಬಂದ ಅನೇಕರ ಗಿಡಗಳು ಸರ್ಕಾರಿ ಜಮೀನಿನಲ್ಲಿ ನಿಂತಿವೆ. ಅಲ್ಲಿನ ಫಸಲು ಸ್ವಂತದ್ದು, ಖಾತೆ ಸ್ವಂತದ್ದಲ್ಲ. ಖಾತೆಯಿಲ್ಲದ ನೆಲದ ಮೇಲೆ ಬ್ಯಾಂಕು ಸಾಲ ಕೊಡದು. ಬೆಳೆ ಹೋದರೆ ಪರಿಹಾರ ಕೇಳುವುದೂ ಕಷ್ಟ. ಭೂಕಂದಾಯ ಕಾಯಿದೆಗೆ ಈಚೆಗೆ ತಂದ ತಿದ್ದುಪಡಿಯು ಇಂತಹ ತೋಟದ ಭೂಮಿಯನ್ನು 25 ಎಕರೆಯವರೆಗೆ 30 ವರ್ಷಗಳ ಗುತ್ತಿಗೆಗೆ ಕೊಡಲು ಅವಕಾಶ ಮಾಡಿದೆ. ಅಜ್ಜನ ಕಾಲದಲ್ಲಿ ಗೇಣಿ ಅಳೆಸಿಕೊಂಡ ಮನೆಯವರು ಇಂದು ತಾವು ಬೆಳೆಸಿದ ತೋಟಕ್ಕೆ ಸರ್ಕಾರದ ಗುತ್ತಿಗೆದಾರರಾಗಲು ಅರ್ಜಿ ಹಿಡಿದು ತಾಲ್ಲೂಕು ಕಚೇರಿಯ ಮೆಟ್ಟಿಲೇರುತ್ತಿದ್ದಾರೆ.