ಉಡುಪಿಯಲ್ಲಿ ಎಲ್ಲಿ ತಿನ್ನಬೇಕು? ಮೊದಲು ಗಡಿಯಾರ ನೋಡಿ

ಉಡುಪಿಗೆ ಬರುವ ಪ್ರವಾಸಿಗರು ಇಂದ್ರಾಳಿಯ ರೈಲು ನಿಲ್ದಾಣದಲ್ಲೋ ಬಸ್ ನಿಲ್ದಾಣದಲ್ಲೋ ಇಳಿದೊಡನೆ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ. ಇಲ್ಲಿ ಒಳ್ಳೆಯ ಹೋಟೆಲ್ ಯಾವುದು? ಊರಿನವರು ಒಂದು ಹೆಸರು ಹೇಳಿ ಸುಮ್ಮನಾಗುವುದು ಅಪರೂಪ. ಬೆಳಗಿನ ತಿಂಡಿಗೋ, ಸಂಜೆಯ ಚಹಾಕ್ಕೋ, ಮೀನೂಟಕ್ಕೋ ಎಂದು ಮರುಪ್ರಶ್ನೆ ಹಾಕುತ್ತಾರೆ. ಇದು ಉತ್ತರ ತಪ್ಪಿಸಿಕೊಳ್ಳುವ ಉಪಾಯವಲ್ಲ. ಉಡುಪಿ, ಮಣಿಪಾಲ, ಕಾಪು ಮತ್ತು ಕಾರ್ಕಳದ ಮಟ್ಟಿಗೆ ಯಾವ ಹೋಟೆಲ್ ಎಂಬುದರಷ್ಟೇ ಯಾವ ಹೊತ್ತು, ಯಾವ ತಿಂಗಳು ಎಂಬುದೂ ಮುಖ್ಯ.

‘ಉಡುಪಿ ಹೋಟೆಲ್’ ಎಂಬ ಹೆಸರು ಬೆಳೆದದ್ದು ಉಡುಪಿಯ ಹೊರಗೆ. ಬೆಂಗಳೂರಿನಲ್ಲಿ 1924ರಲ್ಲಿ ಆರಂಭವಾದ ಎಂಟಿಆರ್‌ನ ಮೂಲಪುರುಷ ಯಜ್ಞನಾರಾಯಣ ಮಯ್ಯ ಅವರು ಸಾಲಿಗ್ರಾಮದ ಬಳಿಯ ಪಾರಂಪಳ್ಳಿಯವರು. 1943ರಲ್ಲಿ ಗಾಂಧಿ ಬಜಾರಿನಲ್ಲಿ ಶುರುವಾದ ವಿದ್ಯಾರ್ಥಿ ಭವನದ ಬೇರೂ ಇದೇ ಸಾಲಿಗ್ರಾಮದ ಸೀಮೆಯದು. ಮದರಾಸಿನಲ್ಲಿ 1938ರಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದ ಕೆ. ಕೃಷ್ಣ ರಾವ್ ಕಾರ್ಕಳದ ಸಮೀಪದ ಕಡಂದಲೆಯವರು. ಹೊರಊರುಗಳಲ್ಲಿ ಈ ಹೆಸರು ಹೊತ್ತ ಅಸಂಖ್ಯ ಹೋಟೆಲುಗಳು ಬೆಳಗಿನಿಂದ ರಾತ್ರಿಯವರೆಗೆ ಒಂದೇ ಪಟ್ಟಿಯ ತಿಂಡಿ ಬಡಿಸುತ್ತವೆ. ತವರಿನ ಪದ್ಧತಿ ಹಾಗಲ್ಲ. ಇಲ್ಲಿ ಒಂದೊಂದು ತಿಂಡಿಗೂ ಅದರದೇ ಗಳಿಗೆ ಇದೆ. ಅದನ್ನು ತಿಳಿಯದೆ ಬಂದವರು ಹೆಸರಾಂತ ಹೋಟೆಲಿನಲ್ಲಿಯೇ ಕುಳಿತು, ಇದರಲ್ಲಿ ವಿಶೇಷವೇನಿದೆ ಎಂದು ಕೇಳಿ ಎದ್ದುಹೋಗುವುದುಂಟು.

ಅನ್ನಬ್ರಹ್ಮನ ಪಂಚಾಂಗ

ಈ ಸಮಯಪ್ರಜ್ಞೆಯ ಮೂಲವನ್ನು ಹುಡುಕಿದರೆ ರಥಬೀದಿಗೆ ಬರಬೇಕಾಗುತ್ತದೆ. ಹದಿಮೂರನೆಯ ಶತಮಾನದಲ್ಲಿ ಮಧ್ವಾಚಾರ್ಯರು ಪ್ರತಿಷ್ಠಾಪಿಸಿದ ಕೃಷ್ಣನಿಗೆ ‘ಅನ್ನಬ್ರಹ್ಮ’ ಎಂಬ ಖ್ಯಾತಿ. ಅಷ್ಟಮಠಗಳ ಯತಿಗಳು ಸರದಿಯಂತೆ ಎರಡೆರಡು ವರ್ಷ ಪೂಜಾಧಿಕಾರ ವಹಿಸಿಕೊಳ್ಳುವ ಪರ್ಯಾಯೋತ್ಸವ ಸಮಸಂಖ್ಯೆಯ ವರ್ಷಗಳ ಜನವರಿ 18ರಂದು ನಡೆಯುತ್ತದೆ. ಅದರ ಸಿದ್ಧತೆ ಆರಂಭವಾಗುವುದು ಬಾಳೆ ಮುಹೂರ್ತದಿಂದ. ಬಳಿಕ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ. ನಾಲ್ಕೂ ಅಡುಗೆ ಮತ್ತು ಅನ್ನದಾನಕ್ಕೆ ಸಂಬಂಧಿಸಿದವು ಎಂಬುದು ಗಮನಾರ್ಹ. ಊಟಕ್ಕೆ ಬೇಕಾದ ಎಲೆ, ಅಕ್ಕಿ, ಸೌದೆಗಳ ಲೆಕ್ಕ ಹಾಕಿಯೇ ಇಲ್ಲಿ ಅಧಿಕಾರ ಕೈ ಬದಲಾಗುತ್ತದೆ.

ಮಠದ ಭೋಜನಶಾಲೆಯಲ್ಲಿ ಭಕ್ತರಿಗೆ ಉಚಿತ ಊಟವಿದೆ. ಆದರೆ ಏಕಾದಶಿಯಂದು ಉಪವಾಸ. ಅಂದು ಊಟದ ನಿರೀಕ್ಷೆಯಲ್ಲಿ ಬಂದವರು ನಿರಾಶರಾಗುತ್ತಾರೆ. ಮರುದಿನ ದ್ವಾದಶಿಯಂದು ಪೂಜೆಯೂ ಪಾರಣೆಯೂ ಬೆಳಗ್ಗೆ ಬೇಗನೆ ಮುಗಿಯುತ್ತವೆ. ಚಾತುರ್ಮಾಸ್ಯದ ನಾಲ್ಕು ತಿಂಗಳಲ್ಲಿ ನಿಯಮ ಇನ್ನೂ ಬಿಗಿ. ಮೊದಲ ತಿಂಗಳು ಶಾಕವ್ರತ, ತರಕಾರಿ ಇಲ್ಲ. ಎರಡನೆಯದು ದಧಿವ್ರತ, ಮೊಸರಿಲ್ಲ. ಮೂರನೆಯದು ಕ್ಷೀರವ್ರತ, ಹಾಲಿಲ್ಲ. ನಾಲ್ಕನೆಯದು ದ್ವಿದಳವ್ರತ, ಬೇಳೆಕಾಳುಗಳಿಲ್ಲ. ತರಕಾರಿ ಇಲ್ಲದೆ ಸಾರು ಮಾಡುವುದು, ಬೇಳೆ ಇಲ್ಲದೆ ಹುಳಿ ಕೂಡಿಸುವುದು ಇಲ್ಲಿನ ಅಡುಗೆಯವರಿಗೆ ಪ್ರತಿವರ್ಷದ ಪರೀಕ್ಷೆ. ಇರುವ ನಾಲ್ಕು ಸಾಮಗ್ರಿಯಲ್ಲಿಯೇ ರುಚಿ ತೆಗೆಯುವ ಈ ಅಭ್ಯಾಸ ಹೊರಊರಿಗೆ ಹೋದ ಅಡುಗೆಯವರ ಕೈ ಹಿಡಿಯಿತು ಎಂದರೆ ತಪ್ಪಾಗಲಾರದು.

ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ಮಠದ ಪಾಕಶಾಲೆಗೆ ಈರುಳ್ಳಿ, ಬೆಳ್ಳುಳ್ಳಿ ವರ್ಜ್ಯ. ಈರುಳ್ಳಿ ಹಾಕಿದ ಆಲೂಗಡ್ಡೆ ಪಲ್ಯದ ಮಸಾಲೆದೋಸೆ ಲೋಕಕ್ಕೆಲ್ಲ ಉಡುಪಿಯ ಗುರುತಾದರೂ ಅದು ಹೋಟೆಲಿನ ಕೂಸು, ಮಠದ ಪ್ರಸಾದವಲ್ಲ. ಎರಡನ್ನೂ ಒಂದೇ ದಿನ ಸವಿದವರಿಗೆ ಉಡುಪಿ ಅಡುಗೆ ಎಂಬುದು ಒಂದಲ್ಲ, ಎರಡು ಎಂಬುದು ತಾನಾಗಿಯೇ ತಿಳಿಯುತ್ತದೆ.

ಬೆಳಗಿನ ಬನ್ಸ್, ಸಂಜೆಯ ಗೋಳಿಬಜೆ

ರಥಬೀದಿಯ ಮಿತ್ರ ಸಮಾಜದ ಹೆಸರು ಕೇಳದ ಉಡುಪಿಯವರಿಲ್ಲ. ಅಲಂಕಾರವಿಲ್ಲದ, ಕುಳಿತು ತಿಂದು ಎದ್ದುಹೋಗುವ ಹೋಟೆಲು. ಬನ್ಸ್, ದೋಸೆ, ಗೋಳಿಬಜೆಗಳಿಗೆ ಊರಿನವರು ಮೊದಲು ಹೇಳುವ ಹೆಸರು ಇದು. ಕುಟುಂಬ ಸಮೇತ ಸಾವಕಾಶವಾಗಿ ಊಟ ಮಾಡಬೇಕೆನ್ನುವವರಿಗೆ ವುಡ್‌ಲ್ಯಾಂಡ್ಸ್ ಇದೆ. ಇವೆರಡರ ಆಚೆಗೆ ಹೆಸರು ಹಲಗೆಯೂ ಸರಿಯಾಗಿ ಕಾಣದ ಸಣ್ಣ ಹೋಟೆಲುಗಳಲ್ಲಿ ಸಜ್ಜಿಗೆ ಬಜಿಲ್ ಸಿಗುತ್ತದೆ. ಉಪ್ಪಿಟ್ಟಿನ ಜೊತೆ ಒಗ್ಗರಣೆ ಅವಲಕ್ಕಿ ಬೆರೆಸಿ ತಿನ್ನುವ ಈ ತಿಂಡಿ ಕರಾವಳಿಯ ದುಡಿಯುವ ಜನರ ಬೆಳಗಿನ ಆಹಾರ. ಅದನ್ನು ಕೇಳಬೇಕಾದದ್ದು ಬೆಳಗ್ಗೆಯೇ. ಹೊತ್ತು ಏರಿದರೆ ಪಾತ್ರೆ ಖಾಲಿ.

ಬನ್ಸ್ ಮತ್ತು ಗೋಳಿಬಜೆ ಎರಡಕ್ಕೂ ಮೈದಾ, ಮೊಸರೇ ಆಧಾರ. ಆದರೂ ಎರಡರ ಹೊತ್ತು ಬೇರೆ. ಕಳಿತ ಬಾಳೆಹಣ್ಣು, ಮೊಸರು, ಸಕ್ಕರೆ, ಜೀರಿಗೆ ಸೇರಿಸಿ ಕಲಸಿದ ಬನ್ಸ್ ಹಿಟ್ಟು ರಾತ್ರಿಯಿಡೀ ಹುಳಿ ಬರಬೇಕು. ಆದ್ದರಿಂದ ಅದು ಬೆಳಗಿನ ತಿಂಡಿ. ಗೋಳಿಬಜೆಯ ಹಿಟ್ಟಿಗೆ ಹುಳಿ ಮೊಸರು ಬಿದ್ದು ಕೆಲವು ತಾಸು ಕಳೆದರೆ ಸಾಕು; ಮಧ್ಯಾಹ್ನ ಕಲಸಿದರೆ ಸಂಜೆಗೆ ಹದ. ಶುಂಠಿ, ಹಸಿಮೆಣಸು, ತೆಂಗಿನ ಚೂರು ಸೇರಿದ ಹಿಟ್ಟನ್ನು ಬೆರಳ ತುದಿಯಿಂದ ಎಣ್ಣೆಗೆ ಬಿಡುವ ಕೆಲಸಕ್ಕೆ ಪಳಗಿದ ಕೈ ಬೇಕು. ಬಾಣಲೆಯಿಂದ ತೆಗೆದ ಐದು ನಿಮಿಷದಲ್ಲಿ ತಿಂದರೆ ಹೊರಗೆ ಗರಿ, ಒಳಗೆ ಮೃದು. ಅರ್ಧ ಗಂಟೆ ಕಳೆದರೆ ಅದೇ ಗೋಳಿಬಜೆ ರಬ್ಬರಿನಂತೆ ಜಗ್ಗುತ್ತದೆ. ಊರಿನವರು ಸಂಜೆ ನಾಲ್ಕರ ಸುಮಾರಿಗೆ ಹೋಟೆಲಿಗೆ ಹೊರಡುವುದು ಈ ಲೆಕ್ಕದಿಂದಲೇ.

ಇನ್ನು ಗಡ್‌ಬಡ್ ಐಸ್‌ಕ್ರೀಮ್. ಎತ್ತರದ ಗ್ಲಾಸಿನಲ್ಲಿ ಬಗೆಬಗೆಯ ಐಸ್‌ಕ್ರೀಮ್, ಜೆಲ್ಲಿ, ಹಣ್ಣು, ಗೋಡಂಬಿಗಳನ್ನು ಪದರ ಪದರವಾಗಿ ತುಂಬಿದ ಈ ತಿನಿಸು ಉಡುಪಿಯ ಡಯಾನಾ ಹೋಟೆಲಿನಲ್ಲಿ ಹುಟ್ಟಿತು ಎಂಬುದು ಇಲ್ಲಿನವರ ವಾದ. ಮಂಗಳೂರಿನವರು 1975ರಲ್ಲಿ ಆರಂಭವಾದ ತಮ್ಮ ಐಡಿಯಲ್ ಕಡೆಗೆ ಬೊಟ್ಟು ಮಾಡುತ್ತಾರೆ. ಈ ವ್ಯಾಜ್ಯ ಸದ್ಯಕ್ಕೆ ಇತ್ಯರ್ಥವಾಗುವ ಲಕ್ಷಣವಿಲ್ಲ. ತಿನ್ನುವವರಿಗೆ ಅದರಿಂದ ನಷ್ಟವೂ ಇಲ್ಲ.

ಮಣಿಪಾಲದ ಗಡಿಯಾರವೇ ಬೇರೆ

ಉಡುಪಿಯಿಂದ ಐದು ಕಿಲೋಮೀಟರ್ ಏರಿದರೆ ಮಣಿಪಾಲ. ಒಂದು ಕಾಲದಲ್ಲಿ ಬೋಳುಗುಡ್ಡವಾಗಿದ್ದ ಇಲ್ಲಿ ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. ಇಂದು ದೇಶವಿದೇಶಗಳ ವಿದ್ಯಾರ್ಥಿಗಳು ಇಲ್ಲಿದ್ದಾರೆ. ಟೈಗರ್ ಸರ್ಕಲ್ ಸುತ್ತಮುತ್ತ ಉತ್ತರ ಭಾರತದ ರೋಟಿ, ಆಂಧ್ರದ ಊಟ, ಕೇರಳದ ಪರೋಟ, ಮೊಮೊ ಎಲ್ಲವೂ ಲಭ್ಯ. ಉಡುಪಿ ಬೆಳಗ್ಗೆ ಬೇಗ ಎದ್ದು ರಾತ್ರಿ ಬೇಗ ಮಲಗುವ ಊರು. ಮಣಿಪಾಲಕ್ಕೆ ಚುರುಕು ಬರುವುದೇ ಸಂಜೆಯ ಬಳಿಕ.

ಕಾಫಿಯ ವಿಷಯದಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ರಥಬೀದಿಯ ಹೋಟೆಲಿನಲ್ಲಿ ಕಾಫಿ ಎಂದರೆ ಐದು ನಿಮಿಷದ ವ್ಯವಹಾರ. ಕುಡಿದು ಎದ್ದರೆ ಆ ಕುರ್ಚಿಗೆ ಇನ್ನೊಬ್ಬರು ಕಾದಿರುತ್ತಾರೆ. ಮಣಿಪಾಲದ ಕಾಫಿ ಶಾಪ್‌ಗಳು ಮಾರುವುದು ಕಾಫಿಯ ಜೊತೆಗೆ ಒಂದೆರಡು ತಾಸಿನ ಕುರ್ಚಿಯನ್ನೂ. ಬೆಲೆ ಹೆಚ್ಚೆಂದು ಗೊಣಗುವವರು ಈ ಬಾಡಿಗೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಪರೀಕ್ಷೆ ಮುಗಿದು ರಜೆ ಬಂದಾಗ ಇದೇ ಅಂಗಡಿಗಳು ಬಿಕೋ ಎನ್ನುತ್ತವೆ. 2020ರ ಲಾಕ್‌ಡೌನ್‌ನಲ್ಲಿ ಕಾಲೇಜುಗಳು ಮುಚ್ಚಿದಾಗ ವಿದ್ಯಾರ್ಥಿಗಳನ್ನೇ ನಂಬಿದ ಊರಿನ ಪಾಡು ಏನೆಂಬುದು ಎಲ್ಲರಿಗೂ ಮನವರಿಕೆಯಾಯಿತು.

ತಿರುಗಾಟಕ್ಕೆ ಮಣಿಪಾಲದಲ್ಲಿ ಎಂಡ್ ಪಾಯಿಂಟ್ ಇದೆ. ಗುಡ್ಡದ ಅಂಚಿನಿಂದ ಕೆಳಗೆ ಸ್ವರ್ಣಾ ನದಿ ಹರಿಯುವುದನ್ನು ಕಾಣಬಹುದು. ಮಣ್ಣಪಳ್ಳ ಕೆರೆಯ ದಂಡೆ ಬೆಳಗಿನ ನಡಿಗೆಯವರದು. ಹಳೆಯ ಮನೆಗಳನ್ನು ಬಿಚ್ಚಿ ತಂದು ಮರುಜೋಡಿಸಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ಗೆ ಅರ್ಧ ದಿನವನ್ನೇ ಮೀಸಲಿಡಬೇಕು. ವಿಜಯನಾಥ ಶೆಣೈ ಅವರ ಆಯುಷ್ಯದ ದುಡಿಮೆ ಅದು.

ಮೀನಿಗೂ ರಜೆ ಉಂಟು

ಉಡುಪಿ ಎಂದರೆ ಶಾಕಾಹಾರ ಎಂಬ ಭಾವನೆ ಘಟ್ಟದ ಮೇಲಿನವರದು. ಮಲ್ಪೆ ಬಂದರಿಗೂ ರಥಬೀದಿಗೂ ಇರುವ ಅಂತರ ಕೆಲವೇ ಕಿಲೋಮೀಟರ್. ಕುಚ್ಚಲಕ್ಕಿ ಅನ್ನ, ಮೀನಿನ ಸಾರು, ಬಂಗುಡೆ ಅಥವಾ ಕಾಣೆಯ ಫ್ರೈ ಇಲ್ಲಿನ ಬಹುಪಾಲು ಮನೆಗಳ ಊಟ. ಮೀನೂಟಕ್ಕೆ ಉಡುಪಿಯಲ್ಲಿ ತಿಮ್ಮಪ್ಪ ಹೋಟೆಲಿನ ಹೆಸರು ಹೇಳುವವರು ಬಹಳ. ಅಲ್ಲಿಗೆ ಹೋಗಬೇಕಾದದ್ದು ಮಧ್ಯಾಹ್ನ, ಅದೂ ತುಸು ಮುಂಚೆ.

ಆದರೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮೀನಿನ ಸಂತಾನಾಭಿವೃದ್ಧಿಯ ಕಾಲ ಎಂಬುದು ಕಾರಣ. ಪೂರ್ವ ಕರಾವಳಿಯಲ್ಲಿ ಈ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಹೀಗಾಗಿ ಜೂನ್ ನಡುಭಾಗದ ನಂತರ ಆ ಕಡೆಯ ಮೀನು ಮಂಜುಗಡ್ಡೆಯಲ್ಲಿ ಇತ್ತ ಬರುವುದುಂಟು. ನಾಡದೋಣಿಯವರು ಹಿಡಿದ ಅಲ್ಪಸ್ವಲ್ಪ ತಾಜಾ ಮೀನಿಗೆ ಆಗ ಚಿನ್ನದ ಬೆಲೆ. ಜುಲೈಯಲ್ಲಿ ಬಂದು ಅಂಜಲ್ ದುಬಾರಿ ಎಂದು ದೂರುವ ಪ್ರವಾಸಿಗರಿಗೆ ಈ ಲೆಕ್ಕ ತಿಳಿದಿರುವುದಿಲ್ಲ. ಊರಿನವರು ಆ ದಿನಗಳಲ್ಲಿ ಒಣಮೀನು, ಎಟ್ಟಿ ಚಟ್ನಿ, ಕೋರಿ ರೊಟ್ಟಿಗಳತ್ತ ಹೊರಳುತ್ತಾರೆ. ಆಟಿ ತಿಂಗಳು ಬಂದರೆ ಕೆಸುವಿನ ಪತ್ರೊಡೆ, ಕಣಿಲೆ ಪಲ್ಯಗಳ ಸುಗ್ಗಿ.

ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗುವ ದೋಣಿಗಳಿಗೂ ಮಳೆಗಾಲದಲ್ಲಿ ರಜೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಲಾವಾ ತಣಿದು ಉಂಟಾದ ಕಂಬದಾಕಾರದ ಕಲ್ಲುಗಳನ್ನು ನೋಡಬೇಕಾದರೆ ಕಡಲು ಶಾಂತವಾಗುವವರೆಗೆ ಕಾಯಬೇಕು.

ಕಾಪು, ಕಾರ್ಕಳದ ದಾರಿ

ಉಡುಪಿಯಿಂದ ದಕ್ಷಿಣಕ್ಕೆ ಹೆದ್ದಾರಿಯಲ್ಲಿ ಹನ್ನೆರಡು ಹದಿಮೂರು ಕಿಲೋಮೀಟರ್ ಸಾಗಿದರೆ ಕಾಪು. 1901ರಲ್ಲಿ ಬಂಡೆಯ ಮೇಲೆ ಕಟ್ಟಿದ, ಸುಮಾರು 27 ಮೀಟರ್ ಎತ್ತರದ ದೀಪಸ್ತಂಭ ಇಲ್ಲಿನ ಆಕರ್ಷಣೆ. ಮೇಲೇರಲು ಸಂಜೆಯ ನಿಗದಿತ ಹೊತ್ತಿನಲ್ಲಿ ಮಾತ್ರ ಅವಕಾಶವಾದ್ದರಿಂದ ಮಧ್ಯಾಹ್ನವೇ ಬಂದವರು ಬಿಸಿಲಿನಲ್ಲಿ ಬಸವಳಿಯುತ್ತಾರೆ. ಮಳೆಗಾಲದಲ್ಲಿ ಬಂಡೆಗಳು ಜಾರುತ್ತವೆ, ತೆರೆಗಳು ಮುನ್ಸೂಚನೆ ಇಲ್ಲದೆ ಮೇಲೇರುತ್ತವೆ. ಆಗ ದೂರದಿಂದ ನೋಡುವುದೇ ಕ್ಷೇಮ. 2025ರಲ್ಲಿ ಬ್ರಹ್ಮಕಲಶೋತ್ಸವ ನಡೆದ ಹೊಸ ಮಾರಿಗುಡಿಗೂ ಜನ ಸಾಲುಗಟ್ಟಿ ಬರುತ್ತಿದ್ದಾರೆ.

ಕಾಪು ತಲುಪುವ ಮುನ್ನ ಕಟಪಾಡಿಯಲ್ಲಿ ಕಡಲಿನತ್ತ ತಿರುಗಿದರೆ ಮಟ್ಟು ಗ್ರಾಮ. ತಿಳಿಹಸಿರು ಬಣ್ಣದ, ಚೆಂಡಿನಂತೆ ದುಂಡಗಿನ ಬದನೆ ‘ಮಟ್ಟುಗುಳ್ಳ’ದ ಊರು ಇದು. ವಾದಿರಾಜ ಯತಿಗಳು ಇದರ ಬೀಜ ಕೊಟ್ಟರೆಂಬುದು ಐತಿಹ್ಯ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಕೆ ಮಾನ್ಯತೆ ದೊರೆತಿದೆ. ಭತ್ತದ ಕೊಯ್ಲಿನ ನಂತರ ನೆಡುವ ಬೆಳೆಯಾದ್ದರಿಂದ ಗುಳ್ಳದ ಹುಳಿಯನ್ನು ಸವಿಯಬೇಕಾದದ್ದು ಚಳಿಗಾಲ ಮತ್ತು ಬೇಸಗೆಯಲ್ಲಿ. ಸೆಪ್ಟೆಂಬರಿನಲ್ಲಿ ‘ಮಟ್ಟುಗುಳ್ಳದ ಸಾಂಬಾರು’ ಎಂದು ಬಡಿಸಿದರೆ ಒಮ್ಮೆ ಪ್ರಶ್ನಿಸುವುದು ಒಳಿತು.

ಕಾರ್ಕಳ ಉಡುಪಿಯಿಂದ ಸುಮಾರು 38 ಕಿಲೋಮೀಟರ್. ಮಣಿಪಾಲ, ಹಿರಿಯಡ್ಕ, ಬೈಲೂರು ಮಾರ್ಗವಾಗಿ ಬಸ್ಸುಗಳಿವೆ. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ 42 ಅಡಿಯ ಗೊಮ್ಮಟನನ್ನು ಕಾಣಲು ಬೆಳಗ್ಗೆ ಬೇಗ ಹೋಗಬೇಕು. ಬರಿಗಾಲಿಗೆ ಬಿಸಿಲಲ್ಲಿ ಕಾದ ಬಂಡೆ ಸಹ್ಯವಲ್ಲ. ಎದುರಿಗೇ 1586ರ ಚತುರ್ಮುಖ ಬಸದಿ. ಜನವರಿ ಕೊನೆಯ ವಾರದಲ್ಲಿ ಅತ್ತೂರಿನ ಸಂತ ಲಾರೆನ್ಸ್ ಬಸಿಲಿಕದ ವಾರ್ಷಿಕ ಹಬ್ಬಕ್ಕೆ ಎಲ್ಲ ಧರ್ಮದವರೂ ಸೇರುತ್ತಾರೆ. ಕಾರ್ಕಳದಲ್ಲಿ ದೊಡ್ಡ ಹೆಸರಿನ ಹೋಟೆಲು ಹುಡುಕುವುದಕ್ಕಿಂತ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಊರಿನವರೇ ತುಂಬಿರುವ ಹೋಟೆಲಿಗೆ ನುಗ್ಗುವುದು ಜಾಣತನ.

ಹೊತ್ತು ಕೈತಪ್ಪುವ ಆತಂಕ

ಈ ವ್ಯವಸ್ಥೆ ಇಂದು ಎರಡು ಕಡೆಯಿಂದ ಒತ್ತಡದಲ್ಲಿದೆ. ವಾರಾಂತ್ಯದಲ್ಲಿ ಬರುವ ಪ್ರವಾಸಿಗರಿಗೆ ಎಲ್ಲ ತಿಂಡಿಯೂ ಎಲ್ಲ ಹೊತ್ತಿಗೂ ಬೇಕು. ಬೆಳಗಿನ ಬನ್ಸ್ ಸಂಜೆಗೂ ಇರಬೇಕು, ಸಂಜೆಯ ಗೋಳಿಬಜೆ ಬೆಳಗ್ಗೆಯೇ ಬರಬೇಕು ಎಂದಾಗ ಅಡುಗೆಮನೆಗೆ ಉಳಿಯುವ ದಾರಿ ಒಂದೇ: ಮೊದಲೇ ಕರಿದಿಟ್ಟು ಮತ್ತೆ ಬಿಸಿ ಮಾಡುವುದು. ಇನ್ನೊಂದು ಕಡೆ ನಸುಕಿನಲ್ಲೇ ಒಲೆ ಹಚ್ಚುವ ದುಡಿಮೆಗೆ ಹಳೆಯ ಹೋಟೆಲು ಮನೆತನಗಳ ಮಕ್ಕಳು ಒಲವು ತೋರುತ್ತಿಲ್ಲ. ಓದಿದವರು ಬೆಂಗಳೂರಿಗೋ ಗಲ್ಫ್ ದೇಶಗಳಿಗೋ ಹೋಗುತ್ತಾರೆ. ಹೊರರಾಜ್ಯಗಳಿಂದ ಬಂದ ಕೆಲಸಗಾರರು ಕೈಚಳಕ ಕಲಿಯುತ್ತಾರೆ, ಆದರೆ ಕಲಿಸುವ ಹಿರಿಯ ಭಟ್ಟರು ಕಡಿಮೆಯಾಗುತ್ತಿದ್ದಾರೆ.

ಇದನ್ನು ತಡೆಯುವ ಶಕ್ತಿ ಸ್ವಲ್ಪಮಟ್ಟಿಗೆ ಗ್ರಾಹಕರ ಕೈಯಲ್ಲೂ ಇದೆ. ‘ಈಗ ಏನು ಬಿಸಿ ಉಂಟು?’ ಎಂದು ಕೇಳುವ ಗಿರಾಕಿ ಇರುವವರೆಗೆ ಬಾಣಲೆಯ ಮುಂದೆ ನಿಲ್ಲುವವರಿಗೂ ಬೆಲೆ ಇರುತ್ತದೆ. ವಿದ್ಯಾರ್ಥಿ ಭವನ ಬೆಂಗಳೂರಿನಂಥ ನಗರದಲ್ಲಿದ್ದೂ ಮಧ್ಯಾಹ್ನ ಬಾಗಿಲು ಮುಚ್ಚುವ ರೂಢಿ ಬಿಟ್ಟಿಲ್ಲ. ಹೊರಗೆ ಕಾಯುವವರ ಸಾಲೂ ಕಡಿಮೆಯಾಗಿಲ್ಲ. ಹೊತ್ತು ಪಾಲಿಸುವುದರಿಂದ ವ್ಯಾಪಾರ ಕೆಡುವುದಿಲ್ಲ ಎಂಬುದಕ್ಕೆ ಇಷ್ಟು ನಿದರ್ಶನ ಸಾಕು.

ಒಂದು ದಿನದ ಲೆಕ್ಕ

ಒಂದೇ ದಿನ ಇರುವವರು ಹೀಗೆ ಹೊರಡಬಹುದು. ಬೆಳಗ್ಗೆ ಬೇಗ ರಥಬೀದಿಯಲ್ಲಿ ಬನ್ಸ್ ಮುಗಿಸಿ, ಬಿಸಿಲೇರುವ ಮುನ್ನ ಕಾರ್ಕಳದ ಗೊಮ್ಮಟ. ಮಧ್ಯಾಹ್ನ ಉಡುಪಿಗೆ ಮರಳಿ ಮಠದ ಊಟ ಅಥವಾ ಮೀನೂಟ. ಸಂಜೆ ನಾಲ್ಕಕ್ಕೆ ಗೋಳಿಬಜೆ, ಅಲ್ಲಿಂದ ಕಾಪು ದೀಪಸ್ತಂಭ, ಸೂರ್ಯಾಸ್ತದ ಬಳಿಕ ಮಣಿಪಾಲ. ನವೆಂಬರಿನಿಂದ ಮೇ ತಿಂಗಳ ಪತ್ತನಾಜೆಯವರೆಗೆ ಯಕ್ಷಗಾನ ಮೇಳಗಳ ತಿರುಗಾಟದ ಕಾಲ. ಎಲ್ಲಿ ಆಟವಿದೆ ಎಂದು ವಿಚಾರಿಸಿ ಹೋದರೆ ಗದ್ದೆಯ ಬದಿಯ ಗಾಡಿಯಲ್ಲಿ ಚರುಮುರಿಯೂ ಸಿಗುತ್ತದೆ. ಹೊರಡುವ ಮುನ್ನ ಕ್ಯಾಲೆಂಡರಿನಲ್ಲಿ ಏಕಾದಶಿ ಇದೆಯೇ ಎಂದು ಒಮ್ಮೆ ನೋಡಿಕೊಳ್ಳುವುದು ಮಾತ್ರ ಮರೆಯಬಾರದು.