ಬಿಡಿಭಾಗಗಳ ಹೊಂದಾಣಿಕೆ

ಭಾರಿ ಲೆಕ್ಕಾಚಾರಕ್ಕೆಂದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ ಕಂಪ್ಯೂಟರಿನ ಬಿಡಿಭಾಗಗಳನ್ನು ರಂಗಂಪೇಟೆಯ ವಿದ್ಯಾರ್ಥಿಯೊಬ್ಬನು ಜೋಡಿಸಿದನೆಂದು ಭಾವಿಸೋಣ. ಗುಂಡಿಯೊತ್ತಿದೊಡನೆ ಫ್ಯಾನುಗಳು ತಿರುಗುತ್ತವೆ. ಪರದೆ ಮಾತ್ರ ಕಪ್ಪಾಗಿಯೇ ಉಳಿಯುತ್ತದೆ. ಅಂಗಡಿಯೋ ನೂರಾರು ಕಿಲೋಮೀಟರು ದೂರ. ದೋಷವಿರುವುದು ಭಾಗದಲ್ಲೋ, ಭಾಗಗಳ ಹೊಂದಾಣಿಕೆಯಲ್ಲೋ?

ಮೊದಲು ರ್‍ಯಾಮನ್ನು ನೋಡೋಣ. ಮೇಜಿನ ಕಂಪ್ಯೂಟರಿನ ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಸಂಪರ್ಕಬಿಂದುಗಳುಂಟು. ಆದರೆ ಅವುಗಳಿಗೆ ಬೇಕಾದುದು ಕ್ರಮವಾಗಿ 1.2 ಮತ್ತು 1.1 ವೋಲ್ಟು; ಸಂಜ್ಞೆಗಳ ವ್ಯವಸ್ಥೆಯೂ ಬೇರೆ. ಒಂದರ ಸ್ಥಾನದಲ್ಲಿ ಇನ್ನೊಂದು ಕೂರದಿರಲೆಂದೇ ಅವುಗಳ ಕಚ್ಚುಗಳನ್ನು ಬೇರೆ ಬೇರೆ ಎಡೆಯಲ್ಲಿಟ್ಟಿದ್ದಾರೆ. ಆದುದರಿಂದ ಬಲವಂತವಾಗಿ ಒತ್ತಬಾರದು.

ಎಲ್ಲ ತೊಡಕೂ ಕಣ್ಣಿಗೆ ಕಾಣುವಂಥದಲ್ಲ. 2017ರ ಬಿ350 ಮದರ್‌ಬೋರ್ಡಿನ ಎಎಂ4 ಸಾಕೆಟ್ಟಿನಲ್ಲಿ 2020ರ ರೈಜನ್ 5000 ಪ್ರೊಸೆಸರ್ ಸರಿಯಾಗಿಯೇ ಕೂರುತ್ತದೆ; ಹಳೆಯ ಬಯೋಸ್ ಮಾತ್ರ ಅದನ್ನು ಗುರುತಿಸಲಾರದು. ಹಳೆಯ ಪ್ರೊಸೆಸರೊಂದನ್ನು ಕೂರಿಸಿ, ತಯಾರಕರು ಒದಗಿಸಿದ ಹೊಸ ಬಯೋಸನ್ನು ತುಂಬಿದರೆ ತೊಡಕು ಬಗೆಹರಿಯುತ್ತದೆ.

ಕಾರಣ ತಿಳಿಯದಿದ್ದರೆ, ಪ್ಲಗ್ಗನ್ನು ಕಿತ್ತು, ಪ್ರೊಸೆಸರ್, ಒಂದೇ ರ್‍ಯಾಮ್, ಪರದೆಗೆ ಚಿತ್ರ ಕೊಡುವ ಭಾಗ, ಇಷ್ಟನ್ನೇ ಉಳಿಸಿ ಪರೀಕ್ಷಿಸಬೇಕು. ಚಿತ್ರ ಮೂಡಿದರೆ, ಪ್ರತಿ ಸಲವೂ ವಿದ್ಯುತ್ತನ್ನು ತಪ್ಪಿಸಿ, ಉಳಿದವನ್ನು ಒಂದೊಂದಾಗಿ ಸೇರಿಸಬೇಕು. ಯಾವುದನ್ನು ಸೇರಿಸಿದಾಗ ಯಂತ್ರ ನಿಲ್ಲುವುದೋ ಅದರ ಮೇಲೆ ಶಂಕೆ. ಒಮ್ಮೆಗೆ ಒಂದನ್ನೇ ಬದಲಿಸುವ ಈ ಕ್ರಮವನ್ನೇ ಪ್ರಯೋಗಶಾಲೆಯಲ್ಲಿಯೂ ನಾವು ಅನುಸರಿಸುತ್ತೇವೆ.